ಅಕ್ಕೋರು ಹೇಳಿದ್ದು ಸಕ್ಕರೆ ಕಾಯಿಲೆಯಲ್ಲ

ಅಕ್ಕೋರ ಕಣ್ಣು ಮೊದಲು ಬೀಳುತ್ತಿದ್ದುದು ನಮ್ಮ ಕಾಲಿನ ಮೇಲೆ. ಮನೆಗೆ ಯಾರೇ ಬರಲಿ, 'ಬರ್ರಿ, ಕೂಡ್ರಿ' ಎನ್ನುತ್ತಲೇ ಒಮ್ಮೆ ಪಾದ ನೋಡಿ ಆಮೇಲೆ ಮುಖ ನೋಡುತ್ತಿದ್ದರು. ಓಣಿಯ ಹೆಂಗಸರು ಇದಕ್ಕೆ ತಮತಮಗೆ ತೋಚಿದ ಅರ್ಥ ಹಚ್ಚಿದ್ದರು. ಕಾಲುಂಗುರ ಬೆಳ್ಳಿಯದೋ ಗಿಲೀಟಿನದೋ ನೋಡುತ್ತಾರೆ ಎಂದು ಒಬ್ಬರು, ಗಂಡ ತೀರಿಕೊಂಡ ಮೇಲೆ ಮುಖ ಎತ್ತಿ ನೋಡುವ ರೂಢಿ ಹೋಗಿದೆ ಎಂದು ಇನ್ನೊಬ್ಬರು. ನನಗೆ ನಿಜ ತಿಳಿದದ್ದು ಎರಡನೆಯ ಬಸಿರಿನಲ್ಲಿ ಅವರ ಮೆಟ್ಟಿಲ ಮೇಲೆ ಕುಳಿತಿದ್ದಾಗ. ಬಗ್ಗಿ, ನನ್ನ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದು, ಅಲ್ಲಿ ಬಿದ್ದ ಕುಣಿ ಎಷ್ಟು ಹೊತ್ತಿಗೆ ತುಂಬುತ್ತದೆಂದು ಕೈಗಡಿಯಾರ ನೋಡುತ್ತ ಕುಳಿತರು.

"ಇದು ಬಸರಿನ ಬಾವು ತಂಗಿ, ಹೋಗತೈತಿ," ಎಂದರು. "ನಮ್ಮನಿಯವರ ಕಾಲಾಗ ಬಿದ್ದ ಕುಣಿ ಲಗೂ ತುಂಬತಿರಲಿಲ್ಲ ನೋಡು."

ಧಾರವಾಡದ ಒಂದು ಕಾಲೇಜಿನಲ್ಲಿ ಅವರು ಜೀವರಸಾಯನ ಕಲಿಸುತ್ತಿದ್ದರು. ಅಲ್ಲಿ ಎಲ್ಲರಿಗೂ ಮೇಡಂ. ಕೇಶ್ವಾಪುರದ ನಮ್ಮ ಓಣಿಗೆ ಮಾತ್ರ ಅಕ್ಕೋರು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆ ಹಾಗೇ ಅನ್ನುವುದು, ಅವರು ಎಷ್ಟೇ ದೊಡ್ಡ ಸಾಲಿಯಲ್ಲಿ ಕಲಿಸಲಿ. ಹೆಸರು ಬರೆಯುವುದಿಲ್ಲ. ಅವರು ಬದುಕಿದ್ದರೆ ಕೂಡದು ಎನ್ನುತ್ತಿದ್ದರೋ ಏನೋ ಗೊತ್ತಿಲ್ಲ, ಬರೆಯುವ ಹಕ್ಕನ್ನು ನಾನೇ ಕಳೆದುಕೊಂಡಿದ್ದೇನೆ.

ನಾನು ಮದುವೆಯಾಗಿ ಆ ಓಣಿಗೆ ಬಂದಾಗ, ತೊಂಬತ್ತೆರಡರಲ್ಲಿ, ಅವರ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ನಮ್ಮ ಪಕ್ಕದ ದೊಡ್ಡ ಮನೆ ಅವರ ಅತ್ತೆಮನೆ. ಅಮರಗೋಳದ ಮಾರುಕಟ್ಟೆ ಯಾರ್ಡಿನಲ್ಲಿ ಕಾಳಿನ ಅಂಗಡಿ ಇದ್ದ ಮನೆತನ. ಕೆಳಗೆ ಗಂಡನ ಅಣ್ಣ, ಅವರ ಹೆಂಡತಿ, ಅವರ ಒಬ್ಬನೇ ಮಗ. ಮೇಲಿನ ಎರಡು ಖೋಲಿಯಲ್ಲಿ ಅಕ್ಕೋರು ಒಬ್ಬರೇ. ಮೇಲಕ್ಕೆ ಹೋಗುವ ಮೆಟ್ಟಿಲು ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾಗಿತ್ತು. ಅವರು ಎಷ್ಟು ಹೊತ್ತಿಗೆ ಹೋದರು, ಎಷ್ಟು ಹೊತ್ತಿಗೆ ಬಂದರು ಎಂಬುದು ನಾನು ಬೇಡವೆಂದರೂ ನನಗೆ ಗೊತ್ತಾಗುತ್ತಿತ್ತು. ಮೊದಲನೆಯ ಮೆಟ್ಟಿಲ ಮೇಲೆ ಚಪ್ಪಲಿ ಬಿಡುತ್ತಿದ್ದರು, ಎರಡೂ ಗೋಡೆಗೆ ಸಮನಾಗಿ. ಚಪ್ಪಲಿ ಇದ್ದರೆ ಅಕ್ಕೋರು ಇದ್ದಾರೆ ಎಂದು ಲೆಕ್ಕ.

ಧಾರವಾಡದ ಬಸ್ಸಿನಲ್ಲಿ ನಿಂತುಕೊಂಡೇ ಉತ್ತರಪತ್ರಿಕೆ ತಿದ್ದುತ್ತಿದ್ದರು, ಕೆಂಪು ಪೆನ್ನನ್ನು ಹಲ್ಲಲ್ಲಿ ಕಚ್ಚಿಕೊಂಡು. ಒಮ್ಮೆ ನಾನೂ ಜೊತೆಗಿದ್ದೆ. ಕಂಡಕ್ಟರ್ "ಅಕ್ಕಾರ, ಎಷ್ಟ್ ಮಂದಿ ಪಾಸ್ ಆದ್ರು ಇವತ್ತ?" ಎಂದು ಕೇಳಿದ. "ನಿನ್ನ ಬಸ್ಸು ಉಣಕಲ್ಲ ದಾಟೂತನಾ ಒಬ್ಬಾಂವನೂ ಇಲ್ಲಪಾ, ಕುಲುಕಾಟಕ್ಕ ಎಲ್ಲಾರೂ ಬಿದ್ದು ಹೋಗ್ಯಾರ," ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಅವರು ನಗಲಿಲ್ಲ, ಇನ್ನೊಂದು ಪುಟ ತಿರುವಿದರು.

ಮಾತಿನ ಬಗ್ಗೆ ಅವರಿಗೆ ವಿಚಿತ್ರ ಹಟವಿತ್ತು. ಯಾರಾದರೂ 'ಕಿಡ್ನಿ ಫೇಲ್ ಆಗ್ಯಾವಂತ' ಎಂದರೆ ತಡೆದು, "ಫೇಲ್ ಆಗಾಕ ಅವೇನು ಪರೀಕ್ಷಾ ಬರದಿದ್ವೇನ್ರಿ? ದುಡದು ದುಡದು ಸೋತಾವ ಅನ್ರಿ," ಎನ್ನುತ್ತಿದ್ದರು. ಓಣಿಯಲ್ಲಿ ಇದನ್ನು ಅಣಕಿಸಿ ನಗುವವರಿದ್ದರು. ನಾನೂ ಒಂದೆರಡು ಸಲ ನಕ್ಕಿದ್ದೇನೆ.

ಕೆಳಗಿನ ಮನೆಯ ಪಡಸಾಲೆಯಲ್ಲಿ ಮೂರು ದೊಡ್ಡ ಫೋಟೋ ಇದ್ದವು: ಮಾವ, ಮಾವನ ಅಪ್ಪ, ಅಕ್ಕೋರ ಗಂಡ. ಮೂವರಿಗೂ ರುಮಾಲು, ಮೂವರಿಗೂ ತೆಳ್ಳನೆಯ ಕೈ, ಮೂವರಿಗೂ ಕೋಟಿನ ಗುಂಡಿ ಹರಿಯುವಂಥ ಹೊಟ್ಟೆ. ಮೈಯಲ್ಲಿ ಎಲ್ಲೂ ಕೊಬ್ಬಿಲ್ಲ, ಹೊಟ್ಟೆ ಮಾತ್ರ ಮುಂದೆ. "ನಮ್ಮ ಮನಿತನದ ಹೊಟ್ಟಿ ನೋಡ್ರಿ ಇದು, ದಣ್ಯಾರ ಹೊಟ್ಟಿ," ಎಂದು ಅಕ್ಕೋರ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ನನಗೆ ಹೆಮ್ಮೆಯಿಂದ ತೋರಿಸಿದ್ದರು. ಹೆಣ್ಣು ನೋಡಲು ಹೋದಾಗ ಆ ಹೊಟ್ಟೆ ನೋಡಿಯೇ ಮನೆ ಉಂಡುಟ್ಟ ಮನೆ ಎಂದು ಒಪ್ಪುತ್ತಿದ್ದರಂತೆ. ಆ ಮೂವರಲ್ಲಿ ಒಬ್ಬರೂ ಐವತ್ತು ದಾಟಿರಲಿಲ್ಲ.

ಅದು ಹೊಟ್ಟೆಯಲ್ಲ, ಮೂತ್ರಪಿಂಡ. ಅಕ್ಕೋರು ನನಗೆ ಹೇಳಿದ್ದು ತೊಂಬತ್ತೈದರ ಒಂದು ಸಂಜೆ, ನನ್ನ ಅಡುಗೆಮನೆಯಲ್ಲಿ ನಿಂತುಕೊಂಡು. ಗ್ಯಾಸು ತೀರಿತ್ತು, ಸಿಲಿಂಡರ್ ಬಂದಿರಲಿಲ್ಲ. ಬತ್ತಿ ಸ್ಟೌ ಹಚ್ಚಿ ಹಾಲಿಟ್ಟಿದ್ದೆ. ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ಬಂದವರು ಬಟ್ಟಲು ಹಿಡಿದುಕೊಂಡೇ ಉರಿಯನ್ನು ನೋಡುತ್ತ ನಿಂತರು.

"ಇಲ್ಲಿ ನೋಡು ತಂಗಿ. ಬತ್ತಿ ಬರೋಬ್ಬರಿ ಇದ್ರ ನೀಲಿ ಉರಿ. ಎಣ್ಣಿ ಕಡಿಮಿ, ಕಾವು ಬಾಳ. ಹಿಂಗ ಹಳದಿ ಉರದ್ರ ಚಿಮಣಿ ಎಣ್ಣಿ ಬಕಬಕ ಕುಡೀತೈತಿ, ಹಾಲು ಕಾಯಂಗಿಲ್ಲ, ಪಾತೇಲಿ ಮಾತ್ರ ಕರ್ರಗ ಆಗತೈತಿ."

"ಬತ್ತಿ ಕತ್ತರಸಬೇಕ್ರಿ ಅಕ್ಕೋರ."

"ನಿನ್ನ ಸ್ಟೌಕ ಕತ್ತರಿ ಐತಿ. ಇವರ ಮನಿತನದ ಬತ್ತಿ ಎಲ್ಲೆ ಹಿಡದು ಕತ್ತರಸಲಿ?"

ಆಮೇಲೆ ಬಿಡಿಸಿ ಹೇಳಿದರು. ನಾನು ಕಾನ್ವೆಂಟಿನಲ್ಲಿ ಓದಿದವಳು, ಹತ್ತನೆಯ ತರಗತಿಯ ಜೀವಶಾಸ್ತ್ರ ಅಷ್ಟಿಷ್ಟು ನೆನಪಿತ್ತು. ಅದಕ್ಕೇ ನನಗೆ ಹೇಳುತ್ತಿದ್ದರೋ ಏನೋ. ಮೈಯೊಳಗಿನ ಒಂದೊಂದು ಜೀವಕೋಶಕ್ಕೂ ತನ್ನದೇ ಒಲೆ ಇರುತ್ತದೆ. ಸಕ್ಕರೆಯನ್ನು ಮೊದಲು ಒಲೆಯ ಹೊರಗೆ ಒಂದಿಷ್ಟು ಒಡೆದು, ಆಮೇಲೆ ಆ ಒಳಗಿನ ಒಲೆಗೆ ಹಾಕಿ ಪೂರ್ತಿ ಉರಿಸಿದರೆ ತಕ್ಕಷ್ಟು ಶಕ್ತಿ. ಈ ಮನೆತನದವರಿಗೆ ಹುಟ್ಟುವಾಗಲೇ ಬರುವ ಒಂದು ದೋಷವಿದೆ. ಅಪ್ಪನಿಗಿದ್ದರೆ ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಬರುವುದು ಬಾರದಿರುವುದು ಅರ್ಧಕ್ಕರ್ಧ. ಬಂದರೆ ಮೂತ್ರಪಿಂಡದ ಸಣ್ಣ ಕೊಳವೆಗಳ ಗೋಡೆ ಕಡಿವಾಣವಿಲ್ಲದೆ ಬೆಳೆದು, ನೀರು ತುಂಬಿದ ಗುಳ್ಳೆಗಳಾಗುತ್ತದೆ. ದ್ರಾಕ್ಷಿ ಗೊಂಚಲಿನಂತೆ ಅವು ಹಿಗ್ಗಿ ಹಿಗ್ಗಿ ನಡುವಿನ ಒಳ್ಳೆಯ ಭಾಗವನ್ನೆಲ್ಲ ಹಿಚುಕಿಬಿಡುತ್ತವೆ. ಗಂಡನ ಹೊಟ್ಟೆಯ ಚಿತ್ರ ತೆಗೆಸಿದ ದಿನ ಅವರು ಅದನ್ನು ಕಣ್ಣಾರೆ ನೋಡಿದ್ದರು.

"ಅಷ್ಟು ಬೆಳ್ಯಾಕ ಅವು ಏನು ಉರಸ್ತಾವ? ಅದು ನನ್ನ ಪ್ರಶ್ನಾ. ಕ್ಯಾನ್ಸರಿನ ಜೀವಕೋಶ ಹಿಂಗ ಮಾಡತಾವ ಅಂತ ಪುಸ್ತಕದಾಗ ಐತಿ. ಒಳಗಿನ ಒಲಿ ಬಿಟ್ಟು, ಹೊರಗ ಅರ್ಧಾಮರ್ಧ ಸಕ್ಕರಿ ಉರಿಸಿ, ಸಿಕ್ಕಾಪಟ್ಟಿ ತಿಂದು ಬೆಳೀತಾವ. ಇವೂ ಹಂಗ ಇರಬೇಕು ಅಂತ ನನ್ನ ಅಂದಾಜು. ಅಂದಾಜಷ್ಟ. ನನ್ನ ಕಡೆ ಏನೈತಿ, ಹುಡುಗರಿಗಿ ಪ್ರಾಕ್ಟಿಕಲ್ ಮಾಡಸೋ ನಾಕು ಗಾಜಿನ ನಳಿಗಿ."

ಒಬ್ಬ ದೊಡ್ಡ ಡಾಕ್ಟರರನ್ನು ಕೇಳಿಯೂ ನೋಡಿದ್ದರಂತೆ. ಅವರು ನಕ್ಕು, "ಮೇಡಂ, ಕ್ಲಾಸಿನ್ಯಾಗ ಹೇಳಾಕ ಛಲೋ ಐತಿ," ಎಂದರಂತೆ. ಈಗೀಗ ಆ ಗುಳ್ಳೆಗಳ ಜೀವಕೋಶ ಸಕ್ಕರೆ ಉರಿಸುವ ರೀತಿಯೇ ಹದಗೆಟ್ಟಿರುತ್ತದೆ ಎಂದು ಬಲ್ಲವರೇ ಬರೆಯುತ್ತಿದ್ದಾರೆ, ಓದಿದ್ದೇನೆ. ಅಷ್ಟು ತಿಳಿದದ್ದರಿಂದ ಯಾರಾದರೂ ಗುಣವಾದರು ಎಂದು ಮಾತ್ರ ಇನ್ನೂ ಓದಿಲ್ಲ. ನಕ್ಕ ಡಾಕ್ಟರರಿಗೆ ಆ ನಗೆ ನೆನಪಿರಲಿಕ್ಕಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು ಬೆರಳೆತ್ತಿ, ತರಗತಿಯ ಹುಡುಗಿಗೆ ಹೇಳುವಂತೆ ಹೇಳಿದರು: "ಸಕ್ಕರಿ ಅಂದೆ ಅಂತ ಸಕ್ಕರಿ ಜಡ್ಡು ಅಂತ ತಿಳಕೋಬ್ಯಾಡ. ರಕ್ತದಾಗಿನ ಸಕ್ಕರಿಗೂ ಇದಕ್ಕೂ ಸಂಬಂಧ ಇಲ್ಲ. ಅದು ಬ್ಯಾರೆ, ಇದು ಬ್ಯಾರೆ. ತಿಳೀತಿಲ್ಲೋ?"

ತಿಳಿಯಿತು ಎಂದೆ. ತಿಳಿದೂ ಇತ್ತು. ಇದನ್ನು ಇಷ್ಟು ಸ್ಪಷ್ಟವಾಗಿ ಬರೆಯುತ್ತಿರುವುದು ಅದಕ್ಕೇ.

ಅವರಿಗೆ ಮಕ್ಕಳಿರಲಿಲ್ಲ. ಕೆಳಗಿನ ಮನೆಯ ಮಗನೇ ಮಗ. ಅವನು ಅವರನ್ನು ಚಿಗವ್ವ ಎನ್ನುತ್ತಿದ್ದ, ಬೆಳಗಿನ ಚಹಾ ಕೆಳಗೆ ಕುಡಿದು ಎರಡನೆಯ ಚಹಾಕ್ಕೆ ಮೇಲೆ ಹತ್ತುತ್ತಿದ್ದ. ದೊಡ್ಡ ದನಿಯ, ನಗುಮುಖದ ಹುಡುಗ. ಬಿ.ಕಾಂ. ಮುಗಿಸಿ ಅಂಗಡಿಯಲ್ಲಿ ಕೂತಿದ್ದ. ಅಕ್ಕೋರು ಬಂಜೆ ಎಂದು ಓಣಿಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ, ಉಡಿ ತುಂಬುವ ಕಾರ್ಯಕ್ರಮಗಳಿಗೆ ಅವರ ಗಂಡನಿದ್ದಾಗಲೂ ಕರೆಯುತ್ತಿರಲಿಲ್ಲವಂತೆ. ಅವರ ಬಳಿ ಪಾದರಸದ ರಕ್ತದೊತ್ತಡ ಯಂತ್ರವಿತ್ತು, ಗಂಡನಿಗಾಗಿ ಕೊಂಡದ್ದು. ಒಂದು ದಿನ ನನ್ನ ತೋಳಿಗೆ ಅದರ ಪಟ್ಟಿ ಸುತ್ತಿ ಗಾಳಿ ಒತ್ತುತ್ತ, ಬೇರೆ ಏನೋ ಹೇಳುವವರಂತೆ ಹೇಳಿದರು:

"ಮಂದಿ ಬಂಜಿ ಅಂತಾರ. ನಾ ಬಂಜಿ ಅಲ್ಲ ತಂಗಿ, ಅಂಜಿದಾಕಿ. ಮದವಿ ಆದ ಮೂರನೇ ವರ್ಷಕ್ಕ ಅವರದು ಗೊತ್ತಾತು. ಮಕ್ಕಳು ಬ್ಯಾಡ ಅಂತ ಇಬ್ಬರೂ ಕೂಡಿ ಠರಾಸಿದ್ವಿ. ಹೊರಗ ಹೇಳಿದ್ರ ಅವರ ಮರ್ಯಾದಿ ಹೋಗತಿತ್ತು, ಹೇಳದಿದ್ದಕ್ಕ ನಂದು ಹೋತು. ಅರ್ಧಕ್ಕರ್ಧ ಇತ್ತು... ಉಳಿದ ಅರ್ಧಾ ಯಾರಾಗತಿದ್ರೋ ಏನೋ."

ಒತ್ತಿದ ಗಾಳಿಯನ್ನು ಬಿಟ್ಟು, ಅಂಕಿಯನ್ನು ಮರೆತು, ಮತ್ತೆ ಒತ್ತಿದರು.

ಹುಡುಗನ ಅಪ್ಪನ ಕಾಲು ಬಾತುಕೊಳ್ಳತೊಡಗಿದ್ದು ಆ ವರ್ಷವೇ. ಅಕ್ಕೋರು ಎಲ್ಲರಿಗಿಂತ ಮೊದಲು ನೋಡಿದರು, ಎಲ್ಲರಿಗಿಂತ ಮೊದಲು ಹೇಳಿದರು. ಕೊನೆಕೊನೆಗೆ ರಕ್ತ ತೊಳೆಯುವ ಯಂತ್ರಕ್ಕೆ ಅವರನ್ನು ಹಚ್ಚಿದಾಗ ನಾನು ಆಸ್ಪತ್ರೆಗೆ ಊಟದ ಡಬ್ಬಿ ಒಯ್ದಿದ್ದೆ. ಹೊರಗಿನ ಬೆಂಚಿನ ಮೇಲೆ ನೆಗೆಣ್ಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು.

"ಮಂದಿ ಏನಂತ ಕೇಳಿದ್ರ ನಾ ಏನಂತ ಹೇಳ್ಲಿ? ಮನಿತನಕ್ಕ ರೋಗ ಐತಿ ಅಂದ್ರ ನನ್ನ ಮಗಗ ಯಾರು ಹೆಣ್ಣು ಕೊಡತಾರ?"

ಅಳುವವರ ಮುಂದೆ ಸುಮ್ಮನಿರುವುದು ನನಗೆ ಆಗದು. ಸಮಾಧಾನಕ್ಕೆಂದು, "ಒಳಗ ಸಕ್ಕರಿ ಬರೋಬ್ಬರಿ ಉರೀಲಾರದ್ದಕ್ಕ ಹಿಂಗ ಆಗತೈತಿ ಅಂತ ಅಕ್ಕೋರು ಹೇಳತಿದ್ರು," ಎಂದೆ.

ಅವರ ಅಳು ನಿಂತಿತು. "ಸಕ್ಕರಿ? ಅಂದ್ರ ಸಕ್ಕರಿ ಜಡ್ಡು ಅನ್ನು! ಆಕಿನ ಹೇಳಿದ್ಲೇನು? ಅಷ್ಟು ಓದಿದಾಕಿ?" ಎಂದು ನನ್ನ ಕೈ ಹಿಡಿದುಕೊಂಡರು. ಅವರ ಮುಖ ಬೆಳಗಾದದ್ದನ್ನು ನೋಡಿದೆ. ಇಲ್ಲ, ಅದು ಬೇರೆ, ಇದು ಬೇರೆ ಎಂದು ಹೇಳಲು ಬಾಯಿ ತೆರೆದೆ. ಕೈ ಬಿಡಿಸಿಕೊಂಡು ಹೇಳಬೇಕಾಗುತ್ತಿತ್ತು. ಹೇಳಲಿಲ್ಲ.

ಅವತ್ತಿನಿಂದ ಆ ಮನೆಯಲ್ಲಿ ಸತ್ತವರೆಲ್ಲ ಸಕ್ಕರೆಯಿಂದ ಸತ್ತವರಾದರು. ಸಕ್ಕರೆ ಕಾಯಿಲೆ ಎಂದರೆ ಹೆದರಿಕೆಯೂ ಇಲ್ಲ, ಅವಮಾನವೂ ಇಲ್ಲ, ಉಳ್ಳವರ ಜಡ್ಡು. ಅಪ್ಪ ತೀರಿಕೊಂಡ ಮೇಲೆ ಹುಡುಗ ಚಹಾಕ್ಕೆ ಸಕ್ಕರೆ ಬಿಟ್ಟ, ಹಾಗಲಕಾಯಿ ರಸ ಕುಡಿಯತೊಡಗಿದ. "ನನಗೇನೂ ಆಗಂಗಿಲ್ಲ ಚಿಗವ್ವ, ಪೇಢಾ ಮುಟ್ಟಂಗಿಲ್ಲ ಈಗ," ಎಂದು ಅಕ್ಕೋರಿಗೇ ಹೇಳಿದನಂತೆ. ಅಕ್ಕೋರು ನನ್ನ ಬಳಿ ಬಂದು ತಲೆಗೆ ಕೈಹಚ್ಚಿ ಕುಳಿತರು. "ಈ ಸಕ್ಕರಿ ಮಾತು ಕೆಳಗ ಯಾವಾಗ ಹೋತು? ನಾನ ಎಲ್ಲೋ ಬಾಯಿ ಬಿಟ್ಟೇನಿ ಕಾಣತೈತಿ." ನಾನು ಅಕ್ಕಿ ಆರಿಸುತ್ತಿದ್ದೆ. ತಲೆ ಎತ್ತಲಿಲ್ಲ.

ಅವರು ಬೇಡಿದ್ದು ಒಂದೇ: ಹುಡುಗನ ಹೊಟ್ಟೆಯ ಸೋನೋಗ್ರಫಿ. ಚಹಾಕ್ಕೆ ಬಂದಾಗ ಉಪಾಯದಿಂದ ಅವನ ರಕ್ತದೊತ್ತಡ ನೋಡಿದ್ದರು, ಇಪ್ಪತ್ತನಾಲ್ಕರ ಹುಡುಗನಿಗೆ ಇರಬಾರದಷ್ಟು ಇತ್ತು. ದೋಷ ಇದೆಯೆಂದು ತಿಳಿದರೆ ಗುಳಿಗೆ ನುಂಗಿ ಒತ್ತಡ ಹದದಲ್ಲಿಟ್ಟುಕೊಳ್ಳಬಹುದು. ರೋಗ ಹೋಗುವುದಿಲ್ಲ, ಮೂತ್ರಪಿಂಡ ಸೋಲುವುದು ತಡವಾಗುತ್ತದೆ. ಬೆನ್ನು ನೋವೆಂದು ಅವನು ಅಂಗಡಿಯಲ್ಲಿ ನುಂಗುತ್ತಿದ್ದ ನೋವಿನ ಗುಳಿಗೆ ಬಿಡಿಸಬಹುದು. ಒಮ್ಮೆ ಸ್ಕ್ಯಾನಿಂಗ್ ಸೆಂಟರಿನ ಬಾಗಿಲತನಕ ಕರೆದುಕೊಂಡು ಹೋಗಿದ್ದರು. ಅವನು ಸ್ಕೂಟರಿನಿಂದ ಇಳಿಯಲೇ ಇಲ್ಲ.

"ನೋಡಿದ್ರ ಹೋಗತೈತೇನ ಚಿಗವ್ವ?"

"ಹೋಗಂಗಿಲ್ಲಪಾ. ಬರೂದು ತಡಾ ಆಗತೈತಿ."

"ಮತ್ತ ನೋಡೂದ್ಯಾಕ? ಇರೂತನಾ ಆರಾಮ ಇರ್ತೇನಿ ಬಿಡು."

ನೆಗೆಣ್ಣಿ ಮೆಟ್ಟಿಲ ಕೆಳಗೆ ನಿಂತು ಕೂಗಿದ್ದು ಓಣಿಗೆಲ್ಲ ಕೇಳಿಸಿತು. "ಚಹಾ ಬಾಳ ಕುಡೀತಾನ, ಅದಕ್ಕ ಬೀಪಿ! ಇದ್ದೊಬ್ಬ ಮಗಗ ರೋಗ ಹಚ್ಚಾಕ ನಿಂತಾಳ. ತನಗ ಹಡ್ಯಾಕ ಬರಲಿಲ್ಲ, ನಾ ಹಡದದ್ದು ನೋಡಿ ಹೊಟ್ಟಿ ಉರೀತಾಳ ಬಂಜಿ!"

ಅಕ್ಕೋರು ಕಿಟಕಿ ಮುಚ್ಚಲಿಲ್ಲ. ಕೊನೆಯತನಕ ಕೇಳಿಸಿಕೊಂಡರು.

ಸತ್ತ ಮನೆಯಲ್ಲಿ ವರ್ಷದೊಳಗೆ ಮದುವೆಯಾಗಬೇಕು, ಇಲ್ಲವಾದರೆ ಮೂರು ವರ್ಷ ಕಾಯಬೇಕು ಎನ್ನುವುದೊಂದು ಮಾತು ನಮ್ಮಲ್ಲಿ. ಹಾಗಾಗಿ ಹುಡುಗನಿಗೆ ಅವಸರದಿಂದ ಹೆಣ್ಣು ನೋಡತೊಡಗಿದರು. ಮೊದಲು ಗದಗಿನ ಕಡೆಯವರು ಬಂದರು. ಅವರು ಮೇಲೆ ಹೋಗಿ ಅಕ್ಕೋರನ್ನೂ ಕಂಡರು. ಅಕ್ಕೋರು ಹೇಳಿದರು. ಹುಡುಗ ಒಳ್ಳೆಯವನು, ಆದರೆ ಒಂದು ಪರೀಕ್ಷೆ ಆಗಬೇಕು, ಆದ ಮೇಲೂ ನೀವು ಒಪ್ಪಿದರೆ ನನಗಿಂತ ಸಂತೋಷ ಪಡುವವರಿಲ್ಲ ಎಂದು. ಗದಗಿನವರು ಮತ್ತೆ ಬರಲಿಲ್ಲ. ಆಮೇಲೆ ಹುಡುಗನಿಗೆ ಮೆಟ್ಟಿಲು ಹತ್ತಕೂಡದೆಂದು ಅಪ್ಪಣೆಯಾಯಿತು. ಎರಡನೆಯ ಚಹಾ ನಿಂತಿತು. ಅಕ್ಕೋರು ಕೆಲವು ದಿನ ಎರಡು ಲೋಟಕ್ಕೇ ನೀರಿಟ್ಟು, ಒಂದನ್ನು ನನಗೆ ತಂದು ಕೊಡುತ್ತಿದ್ದರು.

ಆಮೇಲೆ ನವಲಗುಂದದ ಕಡೆಯ ಒಬ್ಬ ಮಾಸ್ತರರು ಬಂದರು, ಹೆಣ್ಣಿನ ಅಪ್ಪ. ಶನಿವಾರ, ಮಧ್ಯಾಹ್ನ ಮೂರೂವರೆ. ಸಂಬಂಧ ಮಾಡುವ ಮುಂಚೆ ನೆರೆಯವರನ್ನು ಕೇಳುವ ಪದ್ಧತಿಯಂತೆ ನಮ್ಮ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತರು. ಬಿಳಿ ಶರ್ಟಿನ ಕಾಲರು ಒಳಮಗ್ಗುಲು ತಿರುಗಿಸಿ ಹೊಲಿಸಿದ್ದು. ಕೊಟ್ಟ ನೀರನ್ನು ಪೂರ್ತಿ ಕುಡಿದು ಲೋಟವನ್ನು ಸಪ್ಪಳವಾಗದಂತೆ ಇಟ್ಟರು.

"ಮನಿತನ ಹೆಂಗೈತ್ರಿ ತಾಯಿ?"

"ಛಲೋ ಮಂದಿ ಅದಾರ್ರಿ."

"ಹುಡುಗಂದು?"

"ಒಂದು ಅಡಕಿ ಚೂರಿನ ಚಟಾನೂ ಇಲ್ರಿ."

"ಗಂಡಸೂರು ಲಗೂನ ತೀರಿಕೊಂಡಾರಂತ ಕೇಳಿದ್ವಿ. ಏನಾಗಿತ್ರಿ ಅವರಿಗೆ?"

"ಸಕ್ಕರಿ ಅಂತಾರ್ರಿ."

"ಓಹ್, ಸಕ್ಕರೀ!" ಅವರು ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕುಳಿತರು. "ಅದು ಯಾರಿಗಿಲ್ರಿ ಈಗ? ನನಗೂ ಐತಿ." ಆಮೇಲೆ ಕಿಟಕಿಯ ಕಡೆ ನೋಡಿ, "ಮ್ಯಾಲ ಒಬ್ಬ ಪ್ರೊಫೆಸರ್ ಬಾಯಾರು ಇರ್ತಾರಂತಲ್ರಿ, ಹುಡುಗನ ಚಿಗವ್ವ? ಅವರನ್ನೂ ಒಂದು ಮಾತು ಕೇಳಿ ಹೋಗೂಣಂತ," ಎಂದರು.

ಶನಿವಾರ ಅಕ್ಕೋರಿಗೆ ಅರ್ಧ ದಿನ. ಕಿಟಕಿಯಾಚೆ ಮೊದಲನೆಯ ಮೆಟ್ಟಿಲ ಮೇಲೆ ಚಪ್ಪಲಿ ಇದ್ದವು, ಗೋಡೆಗೆ ಸಮನಾಗಿ. ನನಗೆ ಕಾಣುತ್ತಿದ್ದವು. ಅವರಿಗೆ ಕಂಡರೂ ಯಾರ ಚಪ್ಪಲಿಯೆಂದು ತಿಳಿಯುತ್ತಿರಲಿಲ್ಲ.

"ಅವರು ಧಾರವಾಡಕ್ಕ ಹೋಗ್ಯಾರ್ರಿ," ಎಂದೆ. "ಬರೂದು ತಡಾ ಆಗತೈತಿ. ಅವರೂ ಇದನ್ನ ಹೇಳತಾರ್ರಿ."

ಯಾಕೆ ಹಾಗೆಂದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆ ಮನೆಯಿಂದ ನನಗೆ ಬರುವುದೇನೂ ಇರಲಿಲ್ಲ. ಇನ್ನೊಮ್ಮೆ ಆ ಕೂಗಾಟ ಬೇಡ ಎನ್ನಿಸಿತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡಬೇಕಂತೆ. ಒಂದೆರಡು ಸುಳ್ಳು ಯಾವ ಲೆಕ್ಕ ಎನ್ನಿಸಿತ್ತೇನೋ. ನಾನು ಓದಿದ ಕಾನ್ವೆಂಟಿನಲ್ಲಿ ಒಳ್ಳೆಯ ಮಾತು ಇಲ್ಲದಿದ್ದರೆ ಮಾತೇ ಬೇಡ ಎಂದು ಕಲಿಸಿದ್ದರು, ನಯವಾದ ನಡತೆಗೆ ನನಗೆ ಪ್ರತಿ ವರ್ಷ ಬಹುಮಾನ ಬರುತ್ತಿತ್ತು. ಆ ನಯವೇ ಒಳ್ಳೆಯತನ ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಮಾಸ್ತರರು ಕೈ ಮುಗಿದು ನಾಲ್ಕೂಕಾಲರ ಬಸ್ಸಿಗೆ ಹೋದರು.

ಮದುವೆಯಲ್ಲಿ ಅಕ್ಕೋರು ಕೊನೆಯ ಸಾಲಿನಲ್ಲಿ ಕುಳಿತಿದ್ದರು. ಅಕ್ಷತೆ ಎಲ್ಲರಿಗಿಂತ ತಡವಾಗಿ ಹಾಕಿದರು. ಆಹೇರಿಯ ಉಡುಗೊರೆ ಕೊಡುವಾಗ ಮದುಮಗಳ ಕೈಗೆ ಒಂದು ಉದ್ದನೆಯ ಡಬ್ಬಿ ಕೊಟ್ಟರು. ಬೆಳ್ಳಿಯ ಸಮೆ ದೀಪವೋ ಎಂದು ಎಲ್ಲರೂ ಕತ್ತು ಚಾಚಿದರು. ಬಿಚ್ಚಿದರೆ ರಕ್ತದೊತ್ತಡ ನೋಡುವ ಯಂತ್ರ. "ಅಕ್ಕೋರು ದವಾಖಾನಿ ತಗಸಾಕ ಕೊಟ್ಟಾರೇನ?" ಎಂದು ಯಾರೋ ಅಂದು ಮಂಟಪವೆಲ್ಲ ನಕ್ಕಿತು. ಹುಡುಗಿ ಮಾತ್ರ ನಗದೆ, ಇದೇನು ಎಂಬಂತೆ ಅಕ್ಕೋರ ಮುಖ ನೋಡಿದಳು. "ಹೆಂಗ ನೋಡೂದಂತ ಕಲಸ್ತೇನಿ, ಮ್ಯಾಲ ಬಾ," ಎಂದರು ಅಕ್ಕೋರು. ಅವಳನ್ನೂ ಮೇಲೆ ಕಳಿಸಲಿಲ್ಲ. ಯಂತ್ರ ಅಟ್ಟಕ್ಕೆ ಹೋಯಿತು. ಮರು ವರ್ಷ ಅಕ್ಕೋರು ಧಾರವಾಡದಲ್ಲಿ ಕಾಲೇಜಿನ ಹತ್ತಿರ ಒಂದು ಖೋಲಿ ಹಿಡಿದು ಹೋಗಿಬಿಟ್ಟರು.

ಎಂಟು ವರ್ಷ ಕಳೆದವು. ಹುಡುಗನ ಕೈಗಳು ತೆಳ್ಳಗೇ ಉಳಿದು ಹೊಟ್ಟೆ ಮುಂದೆ ಬಂತು. ಅಪ್ಪನ ಕಳೆ ಬಂತೆಂದು ಅವನ ತಾಯಿ ದೃಷ್ಟಿ ತೆಗೆದರು. ತಲೆನೋವು ಶುರುವಾಗಿ, ವಾಂತಿ ನಿಲ್ಲದಾದಾಗ ಹೆಂಡತಿ ತಾನಾಗಿ ಅವನನ್ನು ಆಸ್ಪತ್ರೆಗೆ ಒಯ್ದಳು. ಅಷ್ಟರಲ್ಲಿ ಎರಡೂ ಮೂತ್ರಪಿಂಡ ಸೋತಿದ್ದವು. ಅವನಿಗೆ ಮೂವತ್ತನಾಲ್ಕು. ಅವರಿಗೊಬ್ಬಳು ಮಗಳಿದ್ದಳು, ಆರು ವರ್ಷದವಳು. ಅವನಿಗೆ ಹಾಕಲು ಅವನ ತಾಯಿಯ ಮೂತ್ರಪಿಂಡ ಬರುವಂತಿರಲಿಲ್ಲ, ಅವರಿಗೆ ನಿಜವಾಗಿಯೂ ಸಕ್ಕರೆ ಕಾಯಿಲೆ ಬಂದಿತ್ತು. ಅಕ್ಕೋರು ಧಾರವಾಡದಿಂದ ಓಡಿಬಂದು ತಮ್ಮದನ್ನು ತೆಗೆದುಕೊಳ್ಳಿ ಎಂದರು. ರಕ್ತಸಂಬಂಧವಲ್ಲ, ವಯಸ್ಸೂ ಆಗಿದೆ ಎಂದು ಡಾಕ್ಟರರು ಒಪ್ಪಲಿಲ್ಲ. ಕೊನೆಗೆ ಕೊಟ್ಟದ್ದು ಹೆಂಡತಿ, ಕುರ್ಚಿಯ ತುದಿಯಲ್ಲಿ ಕುಳಿತಿದ್ದ ಆ ಮಾಸ್ತರರ ಮಗಳು.

ಅವನು ಉಳಿದ. ದೊಡ್ಡ ದನಿ ಹೋಯಿತು. ಮುಷ್ಟಿ ತುಂಬ ಗುಳಿಗೆ ನುಂಗಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಡಿಗೆ ಹೋಗಿ ಅರ್ಧ ದಿನ ಕುಳಿತು ಬರುತ್ತಿದ್ದ. ಅವಳು ಮಾತ್ರ ಆಮೇಲೆ ಯಾರ ಅಪ್ಪಣೆಗೂ ಕಾಯಲಿಲ್ಲ. ವಾರಕ್ಕೊಮ್ಮೆ ಮಗಳನ್ನು ಕರೆದುಕೊಂಡು ಧಾರವಾಡಕ್ಕೆ ಹೋಗಿ ಅಕ್ಕೋರ ಮುಂದೆ ಕುಳಿತು ಬರುತ್ತಿದ್ದಳು.

ನಾನು ಧಾರವಾಡಕ್ಕೆ ಹೋಗಿ ಎಲ್ಲ ಹೇಳಿದ್ದು ಅದಾಗಿ ಮೂರು ವರ್ಷಕ್ಕೆ. ಅಕ್ಕೋರು ನಿವೃತ್ತರಾಗಿದ್ದರು. ನೆಲದ ಮೇಲೆ ಪೇಪರು ಹಾಸಿ ಮೆಂತ್ಯಸೊಪ್ಪು ಬಿಡಿಸುತ್ತಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಆಡಿದ ಮಾತಿನಿಂದ ಶುರು ಮಾಡಿ, ಮಾಸ್ತರರು ಬಂದದ್ದು, ನಾನು ಅಂದದ್ದು, ಒಂದೂ ಬಿಡದೆ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಲೇ ಇದ್ದರು. ಕೊನೆಗೆ ಕೇಳಿದ್ದು ಇಷ್ಟೇ:

"ಯಾವ ವಾರ ಬಂದಿದ್ರು?"

"ಶನಿವಾರ್ರಿ. ಮೂರೂವರಿಗೆ."

ಕೈ ನಿಂತಿತು. "ಶನಿವಾರ ನಾ ಮನ್ಯಾಗ ಇರ್ತಿದ್ದೆ."

"ಹೂಂ ರೀ."

ಬಯ್ಯಲಿ ಎಂದು ಕಾಯುತ್ತಿದ್ದೆ. ಬೈದರೆ ಅತ್ತುಬಿಡಬಹುದಿತ್ತು.

"ನನಗ ಹೇಳಿ ಏನು ಮಾಡ್ತೀರಿ?" ಎಂದರು ಅಕ್ಕೋರು. "ಆ ಹುಡುಗಿಗಿ ಹೇಳ್ರಿ."

ಹದಿನಾರು ವರ್ಷ ಅವರು ನನ್ನನ್ನು 'ತಂಗಿ' ಎಂದಿದ್ದರು, 'ನೀ' ಎಂದಿದ್ದರು. ಆ 'ರಿ' ಎನ್ನುವ ಒಂದಕ್ಷರದಿಂದ ಅವರು ನನ್ನನ್ನು ಓಣಿಯ ಉಳಿದೆಲ್ಲ ಹೆಂಗಸರ ಸಾಲಿಗೆ ಕಳಿಸಿಬಿಟ್ಟರು. ಬಾಗಿಲತನಕ ಬಂದು, "ಬರ್ರಿ, ಹುಷಾರಿ," ಎಂದು ಮರ್ಯಾದೆಯಿಂದಲೇ ಕಳಿಸಿಕೊಟ್ಟರು. ಮತ್ತೆ ನಾನು ಹೋಗಲಿಲ್ಲ. ಆ ಹುಡುಗಿಯ ಮನೆ ನನ್ನ ಕಿಟಕಿಗೆ ಎದುರೇ. ದಿನಾ ಬೆಳಗ್ಗೆ ರಂಗೋಲಿ ಹಾಕುವಾಗ ಕಾಣುತ್ತಿದ್ದಳು. ಹೇಳಬೇಕೆಂದು ಹೋಗಿ ಕರಿಬೇವು ಕೇಳಿ ಬಂದದ್ದುಂಟು.

ಮುಂದಿನ ವರ್ಷ ಅಕ್ಕೋರು ತೀರಿಕೊಂಡರು, ಹೃದಯ ನಿಂತು, ಕ್ಷಣಮಾತ್ರದಲ್ಲಿ. ಹನ್ನೊಂದನೆಯ ದಿನದ ಕಾರ್ಯವನ್ನು ಕೇಶ್ವಾಪುರದ ಮನೆಯಲ್ಲೇ ಮಾಡಿದರು. ನೆಗೆಣ್ಣಿ ದೊಡ್ಡ ದನಿಯಲ್ಲಿ ಅತ್ತರು. ನನ್ನ ಮಗನ್ನ ಹೆತ್ತವ್ವನಂಗ ಸಾಕಿದ್ದಳು ಎಂದು ಬಂದವರಿಗೆಲ್ಲ ಹೇಳಿದರು. ಪಂಕ್ತಿ ಎದ್ದ ಮೇಲೆ ಹಿತ್ತಲಲ್ಲಿ ಆ ಹುಡುಗಿ ಒಬ್ಬಳೇ ದೊಡ್ಡ ಪಾತ್ರೆಗಳನ್ನು ಬೋರಲು ಹಾಕುತ್ತಿದ್ದಳು. ಭಾರ ಎತ್ತುವಾಗ ಎಡಗೈಯನ್ನು ಪಕ್ಕೆಗೆ ಒತ್ತಿಕೊಳ್ಳುತ್ತಿದ್ದಳು. ನಾನು ಹೋಗಿ ಒಂದು ತುದಿ ಹಿಡಿದೆ.

"ಚಿಗವ್ವಾರು ಹೋದ್ರಲ್ರಿ ಆಂಟಿ," ಎಂದಳು. "ಮಗಳಿಗಿ ಹತ್ತು ತುಂಬತು. ವರ್ಷಾ ಬೀಪಿ ನೋಡಸು, ದೊಡ್ಡಾಕಿ ಆದಮ್ಯಾಲ ಆಕಿನ್ನ ಕೇಳಿ ಸ್ಕ್ಯಾನ್ ಮಾಡಸು, ಆಕಿಗಿ ಕೇಳದ ಮಾಡಸಬ್ಯಾಡ ಅಂತ ಹೇಳಿದ್ರು. ನಂದು ಒಂದು ಕೊಟ್ಟುಬಿಟ್ಟೇನಿ. ನಾಳೆ ಆಕಿಗಿ ಬೇಕಾತಂದ್ರ ಇನ್ನೊಂದು ಕೊಡಾಕ ಬರಂಗಿಲ್ಲಲ್ರಿ."

ಅವಳು ಸೊಂಟಕ್ಕೆ ಸಿಕ್ಕಿಸಿದ ಸೆರಗು ಬಿಚ್ಚಿ ಕೈ ಒರೆಸಿಕೊಂಡು ನನ್ನ ಎದುರು ನಿಂತಳು.

"ಒಂದು ಮಾತು ಕೇಳ್ಲೇನ್ರಿ? ಮದವಿಗಿ ಮೊದ್ಲ ನಮ್ಮಪ್ಪಾರು ನಿಮ್ಮ ಮನಿಗಿ ಬಂದಿದ್ರಂತ. ಅವಾಗ ನೀವು ಏನು ಹೇಳಿದ್ರಿ?"

ಹಿತ್ತಲಲ್ಲಿ ನಾವಿಬ್ಬರೇ ಇದ್ದೆವು. ಹೇಳಲು ಅಡ್ಡಿಯಾಗುವಂಥದ್ದು ಏನೂ ಇರಲಿಲ್ಲ.

"ನೆನಪಿಲ್ಲವ್ವ," ಎಂದೆ. "ಎಷ್ಟು ವರ್ಷ ಆತು."

ಅವಳು ತಲೆಯಾಡಿಸಿದಳು. ಬಗ್ಗಿ ಇನ್ನೊಂದು ಪಾತ್ರೆಯನ್ನು ಒಬ್ಬಳೇ ಎತ್ತಿ ಬೋರಲು ಹಾಕಿದಳು.

"ಅಪ್ಪಾರಿಗಿ ನೆನಪೈತ್ರಿ," ಎಂದಳು.